ಬೆಲ್ ಹೊಡೆಯುವ ಮೊದಲು

ಮಗಳೇ,

ನೀನು ಏಳುವ ಹೊತ್ತಿಗೆ ನನ್ನ ಮಂಗಳೂರು ಟ್ರೈನು ಹೊರಟಿರುತ್ತದೆ. ಅದಕ್ಕೇ ಈ ಪತ್ರವನ್ನು ನಿನ್ನ ಟಿಫಿನ್ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಬೈಗುಳ ಅಂತ ಹೆದರಬೇಡ. ಅರ್ಧ ಬೈಗುಳ ನನಗೇ ಉಂಟು.

ನಿನ್ನೆ ಸಂಜೆ ಕುಂಬಳೆ ಸ್ಟೇಷನ್ನಿನಿಂದ ನಡೆದು ಬರುವಾಗ ನಿನ್ನನ್ನು ನೋಡಿದೆ. ಸರ್ವೀಸ್ ರೋಡಿನ ಆಚೆ ಬದಿ, ಚರಂಡಿ ಸ್ಲ್ಯಾಬಿನ ಮೇಲೆ ಸೈಕಲ್ ಬಿಡುತ್ತಿದ್ದೆ. ಮುಂದೆ ಒಬ್ಬರು ಉಮ್ಮ, ಕೈಯಲ್ಲಿ ಮೀನಿನ ತೊಟ್ಟೆ. ನೀನು ಟ್ರಿಣ್ ಟ್ರಿಣ್ ಅಂತ ಬೆಲ್ ಹೊಡೆದೆ. ಒಂದಲ್ಲ, ನಾಲ್ಕು ಸಲ. ಅವರು ಬೆಚ್ಚಿಬಿದ್ದು ಸೀದಾ ರೋಡಿಗೆ ಇಳಿದರು. ಅದೇ ಹೊತ್ತಿಗೆ ಬಸ್ಸು ಬಂತು. ಡ್ರೈವರ್ ಬ್ರೇಕ್ ಹಾಕಿದ, ಎಂತದೂ ಆಗಲಿಲ್ಲ. ನೀನು ತಿರುಗಿ ನೋಡದೆ ಹೋದೆ. ಅವರು ತುಂಬಾ ಹೊತ್ತು ಕರೆಂಟು ಕಂಬ ಹಿಡಿದು ನಿಂತಿದ್ದರು.

ಸ್ಲ್ಯಾಬಿನ ಮೇಲೆಯೇ ಹೋಗು, ರೋಡಿಗೆ ಇಳಿಯಬೇಡ ಅಂದವನು ನಾನೇ. ಹೆದ್ದಾರಿ 66 ಆರು ಪಥ ಆದ ಮೇಲೆ ಆ ಬಸ್ಸು, ಟಿಪ್ಪರ್‌ಗಳ ನಡುವೆ ನಿನ್ನನ್ನು ಬಿಡಲು ನನಗೆ ಧೈರ್ಯ ಇಲ್ಲ. ಆದರೆ ನಡೆಯುವವರ ಬಗ್ಗೆ ಒಂದು ಮಾತೂ ಹೇಳಿಕೊಡಲಿಲ್ಲ. ಆ ಸ್ಲ್ಯಾಬಿನ ಮೇಲೆ ಇಬ್ಬರು ಜೊತೆಯಾಗಿ ನಡೆಯುವಷ್ಟೂ ಅಗಲ ಇಲ್ಲ. ಬೇಕರಿ ಎದುರು ಒಂದು ಸ್ಲ್ಯಾಬ್ ಒಡೆದು ಕಬ್ಬಿಣದ ಸರಳು ಮೇಲೆದ್ದಿದೆ. ಯಾರೋ ಪುಣ್ಯಾತ್ಮರು ಅದರೊಳಗೆ ತೆಂಗಿನ ಮಡಲು ಸಿಕ್ಕಿಸಿ ಹೋಗಿದ್ದಾರೆ, ನೋಡಿದ್ದೀಯ ಅಲ್ವಾ? ನಿನ್ನೆಯದು ಸರಿಯಾಗಿ ಅಲ್ಲೇ ಆದದ್ದು. ಉಮ್ಮ ಸರಿಯುವುದಾದರೂ ಎಲ್ಲಿಗೆ?

ಹಿಂದಿನಿಂದ ಕಾರಿನವರು ಹಾರ್ನ್ ಹೊಡೆದರೆ ನಾನು ಎಂತೆಲ್ಲ ಬೈಯುತ್ತೇನೆ ಅಂತ ನಿನಗೆ ಗೊತ್ತುಂಟು. ಅಮ್ಮನಿಗೂ ಗೊತ್ತುಂಟು.

ಬೇರೆ ದೇಶದಲ್ಲಿ ಎಂತ ಮಾಡುತ್ತಾರೆ ಅಂತ ರಾತ್ರಿ ಓದಿದೆ. ಜರ್ಮನಿಯಲ್ಲಿ 8 ವರ್ಷದೊಳಗಿನ ಮಕ್ಕಳು ಫುಟ್‌ಪಾತಿನಲ್ಲೇ ಸೈಕಲ್ ಬಿಡಬೇಕಂತೆ, 10 ತುಂಬುವವರೆಗೆ ಬೇಕಾದರೆ ಬಿಡಬಹುದಂತೆ. ರಸ್ತೆ ದಾಟುವಾಗ ಮಾತ್ರ ಇಳಿದು ತಳ್ಳಲೇಬೇಕು. ನಿನಗೆ 11, ಅಲ್ಲಿ ನಿನ್ನ ಆಟ ನಡೆಯುವುದಿಲ್ಲ. ಜಪಾನಿನಲ್ಲಾದರೆ 13 ತುಂಬುವವರೆಗೆ ಬಿಡುತ್ತಾರೆ, 70 ತುಂಬಿದ ಅಜ್ಜ ಅಜ್ಜಿಯರಿಗೂ ಬಿಡುತ್ತಾರೆ. ಆದರೆ ಮೆಲ್ಲ ಹೋಗಬೇಕು, ಫುಟ್‌ಪಾತಿನಲ್ಲೂ ರೋಡಿನ ಕಡೆಯ ಬದಿಗೇ ಇರಬೇಕು, ನಡೆಯುವವರಿಗೆ ಅಡ್ಡ ಆಗುತ್ತದೆ ಅನಿಸಿದರೆ ನಿಲ್ಲಬೇಕು. ಜಾಗ ನಡೆಯುವವರದ್ದು, ಸೈಕಲ್ ಸುಮ್ನೆ ನೆಂಟರ ಹಾಗೆ.

ನೀನೂ ಹಾಗೇ ಮಾಡು. ಮುಂದೆ ಯಾರಾದರೂ ಇದ್ದರೆ ಸೈಕಲಿನಿಂದ ಇಳಿದು ತಳ್ಳು. ಅವಸರ ಇದ್ದರೆ ಬಾಯಿ ಬಿಟ್ಟು ಕೇಳು. ಅಜ್ಜೀ ಅನ್ನು, ಉಮ್ಮಾ ಅನ್ನು, ತುಳುವೋ ಮಲಯಾಳವೋ ಬಾಯಿಗೆ ಬಂದದ್ದು. ನಮ್ಮ ಊರಿನಲ್ಲಿ ಭಾಷೆಗೇನು ಬರ. ಅಂಗಡಿ ಬಾಗಿಲಿನ ಎದುರು ಇನ್ನೂ ಮೆಲ್ಲ, ಒಳಗಿನಿಂದ ಯಾರು ಹೊರಗೆ ಬರುತ್ತಾರೋ ಗೊತ್ತಾಗುವುದಿಲ್ಲ. ಮಳೆಗಾಲದಲ್ಲಂತೂ ಬೆಲ್ಲನ್ನು ನಂಬಲೇಬೇಡ. ಕೊಡೆಯ ಮೇಲೆ ಮಳೆ ಬೀಳುವ ಸದ್ದಿನಲ್ಲಿ ಅವರಿಗೆ ಅದು ಕೇಳುವುದೇ ಇಲ್ಲ.

ಆ ಉಮ್ಮ ದಿನಾ ಅದೇ ಹೊತ್ತಿಗೆ ಬರುತ್ತಾರಂತೆ, ಬೇಕರಿಯವರು ಹೇಳಿದರು. ಸಂಜೆ ಟ್ರೈನು ಲೇಟಾಗದಿದ್ದರೆ ನಾನೂ ಅಲ್ಲಿಗೆ ಬರುತ್ತೇನೆ. ಮಾತಾಡಬೇಕಾದ್ದು ನೀನು. ನಾನು ಪಕ್ಕದಲ್ಲಿ ನಿಲ್ಲುತ್ತೇನೆ ಅಷ್ಟೇ.

ಮತ್ತೆ, ರಾತ್ರಿ ನೋಡಿದೆ, ಸೈಕಲಿನ ಹಿಂದಿನ ಬ್ರೇಕ್ ಪೂರಾ ಸಡಿಲ ಉಂಟು. ಭಾನುವಾರ ಸರಿ ಮಾಡಿಸುವ. ಅಲ್ಲಿವರೆಗೆ ಶಾಲೆಗೆ ನಡೆದೇ ಹೋಗು. ಆ ತೆಂಗಿನ ಮಡಲು ಒಣಗಿ ಬಿದ್ದಿದ್ದರೆ ಹೊಸದೊಂದು ಸಿಕ್ಕಿಸು.

ನಿನ್ನ ಅಪ್ಪ