ಸುಮಾ, ನಿನ್ನ ಏಡಿ ಮನೆ ಹುಡುಕಲಿ ಬಿಡು

ಚಿ. ಸುಮಾಗೆ ಅತ್ತೆಯ ಆಶೀರ್ವಾದಗಳು.

ಮಕ್ಕಳಿಗಾಗಿ ನೀನು ಬರೆದ ಕಡಲ ಕತೆಗಳ ನೋಟ್‌ಬುಕ್ ಕೈ ಸೇರಿತು. ಅಣ್ಣ ಮೊನ್ನೆ ವಿಜಯಪುರದಿಂದ ಬರುವಾಗ ವೈನಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆ ಡಬ್ಬಿಯ ಜೊತೆಗೇ ಇಟ್ಟುಕೊಂಡು ಬಂದಿದ್ದ, ಮೇಲಿನ ಹಾಳೆಗೆ ಸ್ವಲ್ಪ ಎಣ್ಣೆ ಹತ್ತಿದೆ, ಬೇಜಾರು ಮಾಡಿಕೊಳ್ಳಬೇಡ. ಒಂದೇ ರಾತ್ರಿ ಓದಿ ಮುಗಿಸಿದೆ. ಬೆಳಿಗ್ಗೆ ಎದ್ದು ಮತ್ತೊಮ್ಮೆ ಓದಿದೆ. ಏಡಿ ಶಂಕ್ರಣ್ಣ, ಆಮೆ ಅಜ್ಜಿ, ಕಡಲ ಕುದುರೆ ಚೆನ್ನವ್ವ, ಗುಲಾಬಿ ಮರಿ ಎಲ್ಲರೂ ನನಗೆ ಇಷ್ಟವಾದರು. ಶಂಕ್ರಣ್ಣ ಇಳಕಲ್ ಸೀರೆಯ ಸೆರಗಿನಲ್ಲಿ ಜೋಳಿಗೆ ಕಟ್ಟಿಕೊಂಡು ಮಲಗಿರುವ ಚಿತ್ರ ಇದೆಯಲ್ಲ, ಅದನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ನಿನ್ನ ಕೈಯಲ್ಲಿ ಜೀವ ಇದೆ.

ಅದಕ್ಕೇ ಈ ಪತ್ರ ಬರೆಯಲಿಕ್ಕೆ ಕೂತೆ. ಭಾನುವಾರ ನಿನ್ನ ಹತ್ತಿರ ಕತೆ ಕೇಳಲಿಕ್ಕೆ ಬರುವ ಮಕ್ಕಳಲ್ಲಿ ಸಮುದ್ರ ಕಂಡವರು ಎಷ್ಟು ಜನ? ಇಬ್ಬರೋ ಮೂವರೋ ಇದ್ದರೆ ಜಾಸ್ತಿ. ಉಳಿದವರಿಗೆ ನೀನು ಹೇಳಿದ್ದೇ ಸಮುದ್ರ. ಏಡಿ ಪಟಗಾ ಸುತ್ತಿಕೊಂಡಿತು, ಏಡಿ ಮಾತಾಡಿತು ಅಂತ ಬರೆದರೆ ಯಾವ ಮಗುವೂ ಮೋಸ ಹೋಗುವುದಿಲ್ಲ. ಅದು ಆಟ ಅಂತ ಅವಕ್ಕೆ ಚೆನ್ನಾಗಿ ಗೊತ್ತು. ಆದರೆ ಶಂಕ್ರಣ್ಣ ತನ್ನ ಶಂಖವನ್ನು ತಾನೇ ಮಗ್ಗದಲ್ಲಿ ನೇಯ್ದ ಅಂತ ಬರೆದೆ ನೋಡು, ಅದನ್ನು ನಂಬಿಬಿಡುತ್ತವೆ. ನೇಯುವುದನ್ನಲ್ಲ, ಏಡಿ ತನ್ನ ಶಂಖ ತಾನೇ ಮಾಡಿಕೊಳ್ಳುತ್ತದೆ ಅನ್ನುವುದನ್ನು. ವೇಷ ಎಷ್ಟು ಬೇಕಾದರೂ ಹಾಕು, ಬದುಕನ್ನು ಬದಲಿಸಬೇಡ. ನಾನು ಹೇಳಬೇಕು ಅಂದುಕೊಂಡದ್ದು ಇಷ್ಟೇ, ಉಳಿದದ್ದೆಲ್ಲ ಅದರ ವಿಸ್ತಾರ.

ಮೊದಲು ನಿನ್ನ ಕತೆಯಲ್ಲಿರುವ ಆ ಪೆಂಗ್ವಿನ್ ತೆಗೆದುಬಿಡು. ಕಾರವಾರದ ಮರಳಲ್ಲಿ ಪೆಂಗ್ವಿನ್ ಇಲ್ಲ, ಅದು ಟಿವಿಯಿಂದ ಬಂದದ್ದು.

ಇನ್ನು ಶಂಕ್ರಣ್ಣನ ವಿಷಯ. ಅವನು ಸನ್ಯಾಸಿ ಏಡಿ. ನಮ್ಮ ಹಳ್ಳದ ಏಡಿಗೆ ಮೈತುಂಬ ಗಟ್ಟಿ ಚಿಪ್ಪು ಇರುತ್ತದೆ, ಇವನಿಗೆ ಹಾಗಿಲ್ಲ. ಹಿಂದಿನ ಅರ್ಧ ಮೈ ಮೆತ್ತಗೆ, ಸುರುಳಿ ಸುತ್ತಿಕೊಂಡಿರುತ್ತದೆ. ಶಂಖ ಕಟ್ಟುವುದು ಬಸವನಹುಳುವಿನ ಬಳಗದ ಬೇರೆ ಪ್ರಾಣಿ. ಅದು ಸತ್ತು ಮನೆ ಖಾಲಿಯಾದ ಮೇಲೆ ಈ ಏಡಿ ಒಳಗೆ ಸೇರಿಕೊಳ್ಳುತ್ತದೆ. ಮೈ ಬೆಳೆಯಿತು ಅಂದರೆ ಮನೆ ಬಿಗಿಯಾಗುತ್ತದೆ, ಮತ್ತೆ ದೊಡ್ಡದನ್ನು ಹುಡುಕಬೇಕು. ಒಂದು ದೊಡ್ಡ ಖಾಲಿ ಶಂಖ ಸಿಕ್ಕಿತು ಅನ್ನು, ಸುತ್ತ ಏಡಿಗಳು ಸೇರುತ್ತವೆ, ದೊಡ್ಡದರಿಂದ ಸಣ್ಣದರವರೆಗೆ ಸಾಲಾಗಿ ನಿಲ್ಲುತ್ತವೆ. ಎಲ್ಲಕ್ಕಿಂತ ದೊಡ್ಡದು ಹೊಸ ಮನೆಗೆ ಹೋದ ಕೂಡಲೇ ಅದು ಬಿಟ್ಟ ಮನೆಗೆ ಎರಡನೆಯದು, ಎರಡನೆಯದರ ಮನೆಗೆ ಮೂರನೆಯದು, ಹೀಗೆ ಸ್ವಲ್ಪ ಹೊತ್ತಿನಲ್ಲಿ ಇಡೀ ಓಣಿಯೇ ಮನೆ ಬದಲಿಸುತ್ತದೆ. ಮಗ್ಗದ ಕತೆಗಿಂತ ಇದು ಚೆಂದ ಅಲ್ವಾ? ರೇಷನ್ ಅಂಗಡಿ ಮುಂದಿನ ಸಾಲಿನ ಹಾಗೆ ಬರಿ, ಜಗಳ ಹಚ್ಚು, ಒಬ್ಬ ನಡುವೆ ನುಗ್ಗಲಿ.

ಈ ಏಡಿಯ ಮೇಲೆ ನನಗೆ ಯಾಕಿಷ್ಟು ಕಾಳಜಿ ಅಂತ ನಿನಗೆ ಯಾವತ್ತೂ ಹೇಳಿಲ್ಲ. ಕುಮಟೆಯಲ್ಲಿ ಟೀಚರ್ ಆಗಿ ಹೋದ ಮೊದಲ ವರ್ಷ ದೀಪಾವಳಿ ಸೂಟಿಗೆ ಬಾಗಲಕೋಟೆಗೆ ಬರುವಾಗ ಒಂದು ಚೀಲ ತುಂಬ ಶಂಖ, ಚಿಪ್ಪು ಆರಿಸಿಕೊಂಡು ಬಂದೆ. ಓಣಿಯ ಮಕ್ಕಳಿಗೆ ಹಂಚಬೇಕು ಅಂತ ಆಸೆ. ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಚೀಲದೊಳಗಿಂದ ಕರ್ ಕರ್ ಅಂತ ಸಣ್ಣ ಸದ್ದು ಬರುತ್ತಿತ್ತು. ಬಸ್ಸು ಅಲುಗಾಡಿ ಚಿಪ್ಪುಗಳು ಉಜ್ಜುತ್ತಿವೆ ಅಂದುಕೊಂಡೆ. ಮನೆಗೆ ಬಂದು ಎರಡು ದಿನ ಚೀಲ ಬಿಚ್ಚಲಿಲ್ಲ. ಮೂರನೇ ದಿನ ವಾಸನೆ ಬಂತು. ಒಂದು ಶಂಖದಲ್ಲಿ ಸನ್ಯಾಸಿ ಏಡಿ ಇತ್ತು, ಅರ್ಧ ಹೊರಗೆ ಬಂದು ಸತ್ತಿತ್ತು. ನಿನ್ನ ಅಜ್ಜಿ ಏನೂ ಅನ್ನಲಿಲ್ಲ, ಹಿತ್ತಲಲ್ಲಿ ಗುಂಡಿ ತೋಡಿ ಹೂಳಿದಳು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಖಾಲಿ ಚಿಪ್ಪನ್ನೂ ಆರಿಸಬಾರದು ಅಂತ ನನಗೆ ತಿಳಿದದ್ದು ಆಮೇಲೆ. ನಮ್ಮ ಶೋಕೇಸಿನಲ್ಲಿ ಧೂಳು ತಿನ್ನುವ ಒಂದೊಂದು ಶಂಖವೂ ಅಲ್ಲಿ ಯಾವುದೋ ಏಡಿ ಹುಡುಕುತ್ತಿರುವ ಮನೆ. ನಿನ್ನ ಕತೆಯ ಕೊನೆಗೆ ಪುಟ್ಟಿ ಶಂಖಗಳನ್ನು ಊರಿಗೆ ತರುತ್ತಾಳಲ್ಲ, ದಯವಿಟ್ಟು ತರಿಸಬೇಡ.

ಆಮೆ ಅಜ್ಜಿಯ ಕತೆ ಓದಿ ಕಣ್ಣು ತುಂಬಿತು. ಆದರೆ ಸುಮವ್ವಾ, ಆಮೆ ಮೊಟ್ಟೆಯ ಹತ್ತಿರ ಕೂತು ಜೋಗುಳ ಹಾಡುವುದಿಲ್ಲ. ಹೊನ್ನಾವರದ ಕಾಸರಕೋಡು ಟೊಂಕದ ಕಡೆ, ಕಾರವಾರ ಅಂಕೋಲೆಯ ಕಡೆ ಚಳಿಗಾಲದಲ್ಲಿ ಮರಳಿಗೆ ಬರುವುದು ಆಲಿವ್ ರಿಡ್ಲೆ ಅನ್ನುವ ಕಡಲಾಮೆ. 40 ಕಿಲೋ ಆಸುಪಾಸಿನ ಮೈಯನ್ನು ಎಳೆದುಕೊಂಡು ರಾತ್ರಿ ಮೇಲೆ ಬರುತ್ತಾಳೆ, ಹಿಂಗಾಲಿನಿಂದ ಗುಂಡಿ ತೋಡಿ ನೂರರಷ್ಟು ಮೊಟ್ಟೆ ಇಡುತ್ತಾಳೆ, ಮರಳು ಮುಚ್ಚಿ ಮೈಯನ್ನು ಆ ಕಡೆ ಈ ಕಡೆ ವಾಲಿಸಿ ಹೊಟ್ಟೆಯ ಚಿಪ್ಪಿನಿಂದ ದಪ್ ದಪ್ ಅಂತ ಬಡಿದು ಗಟ್ಟಿ ಮಾಡುತ್ತಾಳೆ. ಕುಣಿತ ಬೇಕಾದರೆ ಇಲ್ಲಿದೆ ನೋಡು. ಆಮೇಲೆ ಕಡಲಿಗೆ ಹೋಗುತ್ತಾಳೆ. ಮರಿಗಳನ್ನು ನೋಡಲಿಕ್ಕೆ ತಿರುಗಿ ಬರುವುದಿಲ್ಲ.

ಇದನ್ನು ಮಕ್ಕಳಿಗೆ ಹೇಳಿದರೆ ಅವು ನೊಂದುಕೊಳ್ಳುತ್ತವೆ ಅಂತ ನಿನಗೆ ಅಂಜಿಕೆ ಇರಬಹುದು. ನಾನು ಹೇಳಿದ್ದೇನೆ. ಮೂರನೇ ಇಯತ್ತೆಯ ಒಬ್ಬ ಹುಡುಗ ಕೇಳಿದ, ಹಾಗಾದರೆ ಮರಿಗೆ ದಾರಿ ತೋರಿಸುವವರು ಯಾರು ಟೀಚರ್ ಅಂತ. ಒಂದೂವರೆ ಎರಡು ತಿಂಗಳಿಗೆ ಮೊಟ್ಟೆ ಒಡೆಯುತ್ತದೆ, ಎಲ್ಲ ಮರಿಗಳೂ ಒಟ್ಟಿಗೆ ಕೂಡಿ ಮರಳು ಸರಿಸಿ ಮೇಲೆ ಬರುತ್ತವೆ, ಸಾಮಾನ್ಯವಾಗಿ ರಾತ್ರಿಯಲ್ಲೇ. ಕತ್ತಲಲ್ಲಿ ನೀರಿನ ಕಡೆ ಆಕಾಶ ಸ್ವಲ್ಪ ಬೆಳ್ಳಗಿರುತ್ತದೆ, ಆ ಬೆಳಕೇ ದಾರಿ. ದಂಡೆಯ ಮೇಲೆ ಯಾರೋ ದೊಡ್ಡ ಲೈಟು ಹಾಕಿದರೆ ಪಾಪ ಅವು ಲೈಟಿನ ಕಡೆಗೇ ನಡೆದುಬಿಡುತ್ತವೆ, ಬೆಳಗಾದರೆ ಕಾಗೆ, ನಾಯಿ, ಬಿಸಿಲು. ನನ್ನ ಮಾತು ಮುಗಿಯುವ ಮೊದಲೇ ಆ ಹುಡುಗ ಎದ್ದು ತರಗತಿಯ ಲೈಟು ಆರಿಸಿ ಬಂದ. ಇಂಥ ಮಕ್ಕಳ ಮುಂದೆ ಸುಳ್ಳು ಜೋಗುಳ ಯಾಕೆ?

ಇನ್ನೊಂದು, ನಿನ್ನ ಆಮೆ ಅಜ್ಜಿ ಅಂಜಿದಾಗ ತಲೆ ಒಳಗೆ ಎಳೆದುಕೊಳ್ಳುತ್ತಾಳೆ. ನಮ್ಮ ಕೆರೆಯ ಆಮೆ ಹಾಗೆ ಮಾಡುತ್ತದೆ, ಕಡಲಾಮೆಗೆ ಬರುವುದಿಲ್ಲ. ಅವಳು ಅಳುತ್ತಾಳೆ ಅಂತ ಬರೆದದ್ದು ಮಾತ್ರ ಸರಿ. ಸಮುದ್ರದ ನೀರಿನ ಜೊತೆ ಮೈಗೆ ಸೇರಿದ ಉಪ್ಪನ್ನು ಕಣ್ಣಿನ ಹತ್ತಿರದ ಗ್ರಂಥಿಯಿಂದ ಹೊರಗೆ ಹಾಕುತ್ತಾಳೆ, ನೋಡುವವರಿಗೆ ಕಣ್ಣೀರಿನ ಹಾಗೆ ಕಾಣುತ್ತದೆ. ಮತ್ತೆ ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನ ಮಾಡುತ್ತದೆ. ಬಿಸಿ ಜಾಸ್ತಿ ಇದ್ದರೆ ಹೆಣ್ಣು, ತಂಪಿದ್ದರೆ ಗಂಡು. ನಮ್ಮ ವಿಜಯಪುರದ ಬಿಸಿಲಲ್ಲಿ ಬೆಳೆದ ಮಕ್ಕಳಿಗೆ ಇದನ್ನು ಹೇಳಿ ನೋಡು, ಅವರ ಮುಖ ಹೇಗಾಗುತ್ತದೆ ಅಂತ.

ಚೆನ್ನವ್ವನ ಹೊಟ್ಟೆಯಲ್ಲಿ ಮರಿಗಳಿವೆ ಅಂತ ಬರೆದಿದ್ದೀಯ. ಅದು ಚೆನ್ನಪ್ಪನ ಹೊಟ್ಟೆ. ಕಡಲ ಕುದುರೆಯಲ್ಲಿ ಹೆಣ್ಣು ಮೊಟ್ಟೆಯನ್ನು ಗಂಡಿನ ಹೊಟ್ಟೆಯ ಚೀಲದಲ್ಲಿ ಇಡುತ್ತದೆ, ಹೊತ್ತು ಹೆರುವವನು ಅಪ್ಪ. ಹೆಸರು ಬದಲಿಸು, ಚಿತ್ರ ಹಾಗೇ ಇರಲಿ.

ಗುಲಾಬಿ ಮರಿಯ ಬಗ್ಗೆ ಹೇಳಲಿಕ್ಕೆ ಕುಮಟೆಗೆ ಹೋಗಬೇಕಾಗಿಲ್ಲ, ಅದರ ಬಳಗ ನಮ್ಮ ಮನೆ ಬಾಗಿಲಿಗೇ ಬರುತ್ತದೆ. ಆಲಮಟ್ಟಿ ಹಿನ್ನೀರು ಇಳಿದು ಕೆಸರು ಕಾಣಲಿಕ್ಕೆ ಶುರುವಾದರೆ ರಾಜಹಂಸಗಳು, ಅಂದರೆ ಫ್ಲೆಮಿಂಗೊಗಳು, ಇಳಿಯುತ್ತವೆ. ಕೊಕ್ಕು ನಡುವೆ ಬಾಗಿರುತ್ತದೆ, ತಲೆಯನ್ನು ಬುಡಮೇಲು ಮಾಡಿ ನೀರಲ್ಲಿ ಅದ್ದಿ ಜರಡಿ ಹಿಡಿದ ಹಾಗೆ ಸೋಸಿ ತಿನ್ನುತ್ತವೆ. ಬಣ್ಣ ಬರುವುದು ಆ ಊಟದಿಂದ. ಆದ್ದರಿಂದ ಮರಿ ಹುಟ್ಟುವಾಗ ಗುಲಾಬಿ ಅಲ್ಲ, ಬೂದಿ ಬಣ್ಣ. ಅಪ್ಪ ಅಮ್ಮ ಇಬ್ಬರೂ ಗಂಟಲಲ್ಲಿ ಒಂದು ಥರದ ಕೆಂಪು ಹಾಲು ಮಾಡಿ ಮರಿಯ ಬಾಯಿಗೆ ಹಾಕುತ್ತಾರೆ, ಹಾಗೆ ಉಣಿಸುತ್ತ ಉಣಿಸುತ್ತ ಅವರ ಬಣ್ಣವೇ ಮಾಸುತ್ತದೆ. ನಿನ್ನ ಮರಿ ಬೂದಿಯಾಗಿ ಹುಟ್ಟಲಿ, ನನಗೆ ಯಾವಾಗ ಬಣ್ಣ ಬರುತ್ತದೆ ಅಂತ ದಿನಾ ಕೇಳಲಿ.

ಪೆಂಗ್ವಿನ್ ಹೋದ ಜಾಗಕ್ಕೆ ಯಾರು ಅಂತ ಕೇಳುತ್ತೀ. ಕುಮಟೆಯ ಹತ್ತಿರ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಗೆ ಬಾ. ಆ ಹೊಳೆಗೆ ಎಲ್ಲೂ ಅಣೆಕಟ್ಟು ಇಲ್ಲ. ಅಳಿವೆಗೆ 2024ರಲ್ಲಿ, ಜಗತ್ತಿನ ಮಹತ್ವದ ಜೌಗು ಪ್ರದೇಶಗಳಿಗೆ ಕೊಡುವ ರಾಮ್ಸರ್ ಮಾನ್ಯತೆ ಸಿಕ್ಕಿತು, ಅದೇ ಹೊತ್ತಿಗೆ ನಮ್ಮ ಕಡೆಯ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಸಿಕ್ಕಿತು. ನೀರು ಇಳಿದಾಗ ಅಲ್ಲಿ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಬುಡದ ಕೆಸರಲ್ಲಿ ಮೀನೊಂದು ನಡೆಯುತ್ತದೆ. ಸುಳ್ಳಲ್ಲ, ಎದೆಯ ರೆಕ್ಕೆ ಊರಿ ಕುಪ್ಪಳಿಸುತ್ತದೆ. ಮಡ್‌ಸ್ಕಿಪ್ಪರ್ ಅನ್ನುತ್ತಾರೆ. ಚರ್ಮ ಒದ್ದೆ ಇರುವವರೆಗೆ ಗಾಳಿಯಲ್ಲೇ ಉಸಿರಾಡುತ್ತದೆ, ತಲೆಯ ಮೇಲೆ ಕಪ್ಪೆಯ ಹಾಗೆ ಎರಡು ಉಬ್ಬು ಕಣ್ಣು. ಅದರ ಪಕ್ಕದಲ್ಲೇ ಫಿಡ್ಲರ್ ಏಡಿ ಇರುತ್ತದೆ. ಗಂಡಿಗೆ ಒಂದು ಕೊಂಡಿ ಮೈಗಿಂತ ದೊಡ್ಡದು, ಅದನ್ನು ಎತ್ತಿ ಎತ್ತಿ ಬೀಸಿ ಹೆಣ್ಣನ್ನು ಕರೆಯುತ್ತಾನೆ. ಆದರೆ ಆ ಕೊಂಡಿಯಿಂದ ಉಣ್ಣಲಿಕ್ಕೆ ಬರುವುದಿಲ್ಲ. ಹೆಣ್ಣು ಎರಡೂ ಕೈಯಿಂದ ಕೆಸರು ಎತ್ತಿ ತಿನ್ನುವಾಗ ಇವನು ಒಂದೇ ಸಣ್ಣ ಕೈಯಲ್ಲಿ ಉಣ್ಣಬೇಕು. ಮದುವೆ ಪಂಕ್ತಿಯಲ್ಲಿ ಇವರಿಬ್ಬರನ್ನು ಪಕ್ಕ ಪಕ್ಕ ಕೂರಿಸಿ ಒಂದು ಚಿತ್ರ ಬರಿ, ಈಗಲೇ ನನ್ನ ಕಣ್ಣಿಗೆ ಕಟ್ಟಿದೆ.

ಮಕ್ಕಳು ಸಮುದ್ರ ನಮ್ಮದಲ್ಲ, ದೂರದ್ದು ಅಂದರೆ ಕಲಾದಗಿ ಕಡೆಯ ಬಂಡೆ ತೋರಿಸು. ನೂರು ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಆಳವಿಲ್ಲದ ಸಮುದ್ರ ಇತ್ತು. ಅಲೆ ಮರಳಲ್ಲಿ ಬರೆದ ಗೆರೆ ಕಲ್ಲಾಗಿ ಉಳಿದಿದೆ. ಆಗ ಏಡಿಯೂ ಇರಲಿಲ್ಲ, ಆಮೆಯೂ ಇರಲಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಬಿಟ್ಟರೆ ಬರೀ ನೀರು.

ನೋಟ್‌ಬುಕ್ಕಿನಲ್ಲಿ ಪೆನ್ಸಿಲ್‌ನಿಂದ ಗುರುತು ಮಾಡಿದ್ದೇನೆ, ನಿನಗೆ ಸರಿ ಕಾಣದ್ದನ್ನು ಅಳಿಸಿಬಿಡು. ಸಂಕ್ರಮಣ ಕಳೆದ ಮೇಲೆ ನಾಲ್ಕು ದಿನ ಬಿಡುವು ಮಾಡಿಕೊಂಡು ಬಾ. ಒಂದು ಬೆಳಿಗ್ಗೆ ಹಿನ್ನೀರಿಗೆ ಹೋಗೋಣ, ಮರುದಿನ ಕುಮಟೆಗೆ ಬಸ್ಸು ಹಿಡಿಯೋಣ. ಆ ಚೀಲದ ಶಂಖಗಳನ್ನು ನಾನು ಯಾರಿಗೂ ಹಂಚಲಿಲ್ಲ, ಬಿಸಾಡಲೂ ಮನಸ್ಸು ಬರಲಿಲ್ಲ, ಸ್ಟೀಲ್ ಡಬ್ಬಿಯಲ್ಲಿ ಹಾಗೇ ಇವೆ. ನಿನ್ನೆ ಎಣಿಸಿದೆ, 23 ಇವೆ. ಜೊತೆಗೆ ಒಯ್ಯೋಣ. ಇಳಿತದ ಹೊತ್ತಿಗೆ ಕಲ್ಲುಗಳ ಸಂದಿಯಲ್ಲಿ ಇಟ್ಟು ಸುಮ್ನೆ ದೂರ ಕೂರೋಣ. ನೀನು ಪೆನ್ಸಿಲ್ ತಗೊಂಡು ಬಾ.

ಅಣ್ಣ, ವೈನಿಗೆ ಕೇಳಿದೆ ಅಂತ ಹೇಳು.

ನಿನ್ನ ಅತ್ತೆ
ನವನಗರ, ಬಾಗಲಕೋಟೆ