ಇಂಗ್ಲಿಷ್ ಕಲಿಸಲು ಹೊರದೇಶಕ್ಕೆ ಹೊರಟವರಿಗೆ ಅಲ್ಲಿನ ಭಾಷೆಯೂ ಬೇಕು

ಮಾನ್ಯ ಸಂಪಾದಕರೇ,

ಜಪಾನ್, ವಿಯೆಟ್ನಾಂ, ಥಾಯ್ಲೆಂಡ್ ಮೊದಲಾದ ದೇಶಗಳ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ನಮ್ಮ ಪದವೀಧರರು ಹೋಗುತ್ತಿರುವ ಕುರಿತು ತಮ್ಮ ಪತ್ರಿಕೆಯ ಉದ್ಯೋಗ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ವೀಸಾ, ಸಂಬಳ, ವಸತಿ, 120 ಗಂಟೆಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸು ಇವುಗಳ ವಿವರ ಅದರಲ್ಲಿ ಚೆನ್ನಾಗಿ ಬಂದಿದೆ. ಆದರೆ ಇಂಗ್ಲಿಷ್ ನಿರರ್ಗಳವಾಗಿ ಬಂದರೆ ಸಾಕು, ಅಲ್ಲಿನ ಭಾಷೆ ಒಂದಕ್ಷರ ಬಾರದಿದ್ದರೂ ನಡೆಯುತ್ತದೆ ಎಂಬ ಸಲಹೆಯನ್ನೂ, ಇಂಗ್ಲಿಷ್ ಮನೆಮಾತಾಗಿರುವವರೇ ಈ ಕೆಲಸಕ್ಕೆ ಯೋಗ್ಯರು, ನಮ್ಮವರು ಎರಡನೆಯ ಸಾಲಿನವರು ಎಂಬ ಧ್ವನಿಯನ್ನೂ ನಾನು ಒಪ್ಪಲಾರೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನನ್ನ ಅನುಭವಕ್ಕೆ ಇದು ಹೊಂದುವುದಿಲ್ಲ. ಪರದೇಶಗಳಲ್ಲಿ ಇಂಗ್ಲಿಷ್ ಬೋಧನೆ ಶುರುವಾದ ಕಾಲದ ಚರಿತ್ರೆಗಂತೂ ಹೊಂದುವುದೇ ಇಲ್ಲ.

ಲೇಖನ ಹೆಚ್ಚಾಗಿ ಪ್ರಸ್ತಾಪಿಸಿದ ಜಪಾನನ್ನೇ ನೋಡೋಣ. 1808ರಲ್ಲಿ ಬ್ರಿಟಿಷರ ಫೇಟನ್ ಎಂಬ ಯುದ್ಧನೌಕೆ ಡಚ್ ಧ್ವಜ ಹಾರಿಸಿಕೊಂಡು ನಾಗಸಾಕಿ ಬಂದರಿನೊಳಗೆ ನುಗ್ಗಿತು. ಆ ಪ್ರಸಂಗದಿಂದ ಎಚ್ಚೆತ್ತ ಶೋಗನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಆಡಳಿತ, ಅಲ್ಲಿಯವರೆಗೆ ಡಚ್ ಭಾಷೆಯೊಂದರಲ್ಲೇ ವ್ಯವಹರಿಸುತ್ತಿದ್ದ ತನ್ನ ದುಭಾಷಿಗಳಿಗೆ ಇಂಗ್ಲಿಷನ್ನೂ ಕಲಿಯುವಂತೆ ಅಪ್ಪಣೆ ಮಾಡಿತು. ಕಲಿಸಲು ಸಿಕ್ಕವನು ಇಂಗ್ಲಿಷರವನಲ್ಲ. ಅಲ್ಲಿನ ಡಚ್ ವ್ಯಾಪಾರ ಕೋಠಿಯ ಅಧಿಕಾರಿ ಯಾನ್ ಕಾಕ್ ಬ್ಲೊಮ್‌ಹಾಫ್. ಅವನಿಗೂ ಇಂಗ್ಲಿಷ್ ಕಲಿತ ಭಾಷೆಯೇ ಆಗಿತ್ತು. ಅವನ ಬಳಿ ಪಾಠ ಹೇಳಿಸಿಕೊಂಡ ದುಭಾಷಿಗಳು 1814ರ ಹೊತ್ತಿಗೆ ಇಂಗ್ಲಿಷ್–ಜಪಾನಿ ನಿಘಂಟೊಂದನ್ನು ಸಿದ್ಧಪಡಿಸಿದರು.

ಇಂಗ್ಲಿಷ್ ಮನೆಮಾತಾಗಿದ್ದ ಮೊದಲ ಗುರು ಅಲ್ಲಿಗೆ ಬಂದದ್ದು 1848ರಲ್ಲಿ, ಅದೂ ಯಾರೂ ಕರೆಯದೆ. ರನಾಲ್ಡ್ ಮ್ಯಾಕ್‌ಡೊನಾಲ್ಡ್ ಎಂಬ 24ರ ತರುಣ ತಿಮಿಂಗಿಲ ಬೇಟೆಯ ಹಡಗಿನಿಂದ ಚಿಕ್ಕ ದೋಣಿಯೊಂದನ್ನು ಇಳಿಸಿಕೊಂಡು, ವಿದೇಶಿಯರಿಗೆ ಪ್ರವೇಶವೇ ಇಲ್ಲದಿದ್ದ ಜಪಾನಿನ ಉತ್ತರದ ದ್ವೀಪಗಳತ್ತ ಒಬ್ಬನೇ ಹೋದ. ಅವನ ತಂದೆ ಸ್ಕಾಟ್ಲೆಂಡಿನವರು, ತಾಯಿ ಅಮೆರಿಕದ ಚಿನೂಕ್ ಬುಡಕಟ್ಟಿನ ಮುಖಂಡರ ಮಗಳು. ಜಪಾನಿನ ಅಧಿಕಾರಿಗಳು ಅವನನ್ನು ಸೆರೆಹಿಡಿದು ನಾಗಸಾಕಿಗೆ ಸಾಗಿಸಿ, ದೇವಾಲಯವೊಂದಕ್ಕೆ ಸೇರಿದ ಸಣ್ಣ ಕೋಣೆಯಲ್ಲಿ ಇರಿಸಿದರು. ಅಲ್ಲಿಗೆ 14 ಮಂದಿ ದುಭಾಷಿಗಳು ಪಾಠಕ್ಕೆ ಬರತೊಡಗಿದರು. ಅವರು ಒಬ್ಬೊಬ್ಬರಾಗಿ ಇಂಗ್ಲಿಷನ್ನು ಗಟ್ಟಿಯಾಗಿ ಓದುವುದು, ಅವನು ಉಚ್ಚಾರಣೆ ತಿದ್ದುವುದು, ಅರ್ಥವನ್ನು ತನಗೆ ಬಂದಷ್ಟು ಜಪಾನಿಯಲ್ಲೇ ವಿವರಿಸುವುದು, ಇದೇ ಅವನ ಬೋಧನಾ ಕ್ರಮ. ಲಕಾರ ಬರಬೇಕಾದ ಕಡೆ ಅವರ ಬಾಯಲ್ಲಿ ರಕಾರ ಬರುವುದನ್ನು ಅವನು ಗುರುತಿಸಿದ್ದ. ಅವರಿಗೆ ಇಂಗ್ಲಿಷ್ ಹೇಳಿಕೊಡುತ್ತಲೇ ಅವರಿಂದ ಜಪಾನಿ ಪದಗಳನ್ನು ಕೇಳಿ ಬರೆದಿಟ್ಟುಕೊಂಡು ತನ್ನದೇ ಪದಕೋಶ ಮಾಡಿಕೊಂಡ. 1849ರ ಏಪ್ರಿಲ್‌ನಲ್ಲಿ ಅಮೆರಿಕದ ನೌಕೆ ಅವನನ್ನು ಬಿಡಿಸಿಕೊಂಡು ಹೋಯಿತು. ಅವನ ಶಿಷ್ಯರಲ್ಲಿ ಒಬ್ಬರಾದ ಮೊರಿಯಾಮಾ ಎಯ್ನೊಸುಕೆ, 1854ರಲ್ಲಿ ಅಮೆರಿಕದ ನೌಕಾಧಿಕಾರಿ ಕಮೊಡೋರ್ ಪೆರಿಯವರೊಂದಿಗೆ ಜಪಾನ್ ಒಪ್ಪಂದ ಮಾಡಿಕೊಂಡಾಗ ಪ್ರಮುಖ ದುಭಾಷಿಯಾಗಿದ್ದರು. ಸರ್ಟಿಫಿಕೇಟಾಗಲಿ ಪಠ್ಯಪುಸ್ತಕವಾಗಲಿ ಕರಿಹಲಗೆಯಾಗಲಿ ಇಲ್ಲದೆ ಕೆಲವೇ ತಿಂಗಳು ನಡೆದ ಆ ಪಾಠ ಫಲ ಕೊಟ್ಟದ್ದು ಕಲಿಸುವವನೂ ಕಲಿಯುವವನಾಗಿದ್ದುದರಿಂದ ಎಂದೇ ನಾನು ನಂಬಿದ್ದೇನೆ.

ಇದಕ್ಕೆ ಅಪವಾದವಾಗಿ 1890ರಲ್ಲಿ ಮತ್ಸುಎ ಊರಿನ ಶಾಲೆಗೆ ಇಂಗ್ಲಿಷ್ ಕಲಿಸಲು ಬಂದ ಲೇಖಕ ಲಫ್ಕಾಡಿಯೊ ಹರ್ನ್ ಅವರ ಹೆಸರನ್ನು ಯಾರಾದರೂ ಹೇಳಬಹುದು. ಅವರು ಜಪಾನಿನಲ್ಲೇ ನೆಲೆಸಿ ಅಲ್ಲಿನ ಪೌರರಾದರೂ ಭಾಷೆ ಅವರಿಗೆ ಪೂರ್ತಿಯಾಗಿ ಒಲಿಯಲಿಲ್ಲ. ಆದರೆ ಶಾಲೆಯಲ್ಲಿ ನಿಶಿದಾ ಸೆಂತಾರೊ ಎಂಬ ಸ್ಥಳೀಯ ಇಂಗ್ಲಿಷ್ ಶಿಕ್ಷಕರು ಅವರ ಬೆನ್ನಿಗೆ ನಿಂತಿದ್ದರು ಎಂಬುದನ್ನೂ ಜೊತೆಗೇ ಹೇಳಬೇಕಾಗುತ್ತದೆ.

ಮುಂದೆ 1922ರಲ್ಲಿ ಜಪಾನಿನ ಶಿಕ್ಷಣ ಇಲಾಖೆ ಇಂಗ್ಲೆಂಡಿನಿಂದ ಹೆರಾಲ್ಡ್ ಪಾಮರ್ ಅವರನ್ನು ಸಲಹೆಗಾರರಾಗಿ ಕರೆಸಿಕೊಂಡಿತು. ಮಾತೇ ಮೊದಲು, ಬರಹ ಆಮೇಲೆ ಎಂಬುದು ಅವರ ಸಿದ್ಧಾಂತ. ಅಲ್ಲಿನ ಕಿಕ್ಕಿರಿದ ತರಗತಿಗಳನ್ನೂ, ಪ್ರವೇಶ ಪರೀಕ್ಷೆಯ ಒತ್ತಡವನ್ನೂ, ಸ್ಥಳೀಯ ಶಿಕ್ಷಕರ ಕಷ್ಟವನ್ನೂ ಕಣ್ಣಾರೆ ಕಂಡ ಮೇಲೆ ಅವರು ಅಲ್ಲಿ ನಡೆಸುತ್ತಿದ್ದ ಇಂಗ್ಲಿಷ್ ಬೋಧನಾ ಸಂಶೋಧನೆಯ ಸಂಸ್ಥೆಯ ಗಮನ ಕ್ರಮೇಣ ಪದಗಳ ಆಯ್ಕೆ, ವಾಕ್ಯಗಳ ಮಾದರಿ ಇವುಗಳತ್ತ ಹೊರಳಿತು. 1924ರಲ್ಲಿ ಓಯಿತಾ ನಗರಕ್ಕೆ ಶಿಕ್ಷಕರಾಗಿ ಬಂದ ಎ. ಎಸ್. ಹಾರ್ನ್‌ಬಿ ಈ ಕೆಲಸವನ್ನು ಮುಂದುವರಿಸಿದರು. ‘ಐ ವಾಂಟ್ ಯೂ ಟು ಗೋ’ ಎನ್ನಬಹುದಾದರೆ ‘ಐ ಸಜೆಸ್ಟ್ ಯೂ ಟು ಗೋ’ ಏಕೆ ತಪ್ಪು? ಇಂಗ್ಲೆಂಡಿನ ಮಗುವಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಜಪಾನಿನ ವಿದ್ಯಾರ್ಥಿಗೂ ನಮ್ಮ ಹಾವೇರಿ, ಕೋಲಾರದ ವಿದ್ಯಾರ್ಥಿಗೂ ದಿನಬೆಳಗಾದರೆ ಏಳುತ್ತದೆ. ಯಾವ ಕ್ರಿಯಾಪದದ ಮುಂದೆ ಎಂಥ ರಚನೆ ಬರುತ್ತದೆ, ಯಾವ ನಾಮಪದಕ್ಕೆ ಬಹುವಚನವಿಲ್ಲ ಎಂಬುದನ್ನೆಲ್ಲ ತೋರಿಸುವ ನಿಘಂಟೊಂದನ್ನು ಹಾರ್ನ್‌ಬಿ ಇಬ್ಬರು ಸಹೋದ್ಯೋಗಿಗಳೊಂದಿಗೆ ಸಿದ್ಧಪಡಿಸಿದರು. ಅದು 1942ರಲ್ಲಿ, ಯುದ್ಧದ ನಡುವೆ, ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನೇ ಮರುಮುದ್ರಿಸಿತು. ಇಂದು ನಮ್ಮ ಕಾಲೇಜು ಗ್ರಂಥಾಲಯಗಳಲ್ಲಿ ವಿದ್ಯಾರ್ಥಿಗಳು ತಿರುವಿಹಾಕುವ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿಯ ಮೂಲ ಅದೇ.

ಅದೇ ಕಾಲದಲ್ಲಿ ಅವಿಭಜಿತ ಬಂಗಾಳದ ಢಾಕಾದಲ್ಲಿ ಮೈಕೆಲ್ ವೆಸ್ಟ್ ಎಂಬವರು ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದರು. ಬಂಗಾಳಿ ಮಕ್ಕಳಲ್ಲಿ ಬಹುಪಾಲು ಶಾಲೆಯನ್ನು ಅರ್ಧಕ್ಕೇ ಬಿಡುವುದನ್ನು ಗಮನಿಸಿದ ಅವರು, ಆ ಮಕ್ಕಳಿಗೆ ಅಲ್ಲಿಯವರೆಗಿನ ಕಲಿಕೆಯಿಂದ ದಕ್ಕಿದ್ದೇನು ಎಂದು ಕೇಳಿದರು. ವಿಮೆಯ ಪಾಲಿಸಿಯನ್ನು ನಡುವೆಯೇ ಕೈಬಿಟ್ಟರೂ ಒಂದಿಷ್ಟು ಹಣ ಕೈಸೇರುವಂತೆ, ಎರಡು ವರ್ಷ ಕಲಿತು ಬಿಟ್ಟ ಮಗುವಿಗೂ ಬಳಸಲು ಬರುವ ಏನಾದರೂ ಉಳಿಯಬೇಕು ಎಂಬುದು ಅವರ ವಾದವಾಗಿತ್ತು. ಮಾತಾಡುವ ಅವಕಾಶವೇ ಇಲ್ಲದ ಹಳ್ಳಿಯ ಮಗುವಿಗೆ ಓದುವ ಶಕ್ತಿಯೇ ಹಾಗೆ ಉಳಿಯುವ ಆಸ್ತಿ ಎಂದು ತೀರ್ಮಾನಿಸಿ, ಆಯ್ದ ಪದಗಳಲ್ಲಿ ಸರಳ ವಾಚಿಕೆಗಳನ್ನು ರಚಿಸಿದರು. 1935ರಲ್ಲಿ ಅವರು ಹೊರತಂದ ನಿಘಂಟಿನಲ್ಲಿ ಎಲ್ಲ ಅರ್ಥವಿವರಣೆಗಳೂ 1,490 ಪದಗಳೊಳಗೇ ಇವೆ. ಮಕ್ಕಳ ಬದುಕನ್ನು ಅರಿಯದವರಿಗೆ ಇಂಥ ಪುಸ್ತಕದ ಅಗತ್ಯವೇ ಹೊಳೆಯುತ್ತಿರಲಿಲ್ಲ.

ನಮ್ಮವರು ಎರಡನೆಯ ಸಾಲಿನವರು ಎಂಬ ಭಾವನೆಗೆ ಈಗ ಬರುತ್ತೇನೆ. ಜಪಾನ್ ಸರ್ಕಾರ 1987ರಲ್ಲಿ ವಿದೇಶಿ ಸಹಾಯಕ ಶಿಕ್ಷಕರನ್ನು ಕರೆಸುವ ಜೆಟ್ ಯೋಜನೆ ಆರಂಭಿಸಿದಾಗ ಬಂದ 848 ಮಂದಿಯೂ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಈ ನಾಲ್ಕೇ ದೇಶಗಳವರು. ನೇಮಕದ ಈ ಒಲವು ಹಲವು ಕಡೆ ಇನ್ನೂ ಉಳಿದಿದೆ, ನಿಜ. ಆದರೆ ಬೋಧನೆಯ ದೃಷ್ಟಿಯಿಂದ ಕನ್ನಡಿಗರಿಗೆ ಇರುವ ಅನುಕೂಲ ಸಣ್ಣದಲ್ಲ. ‘ನಾನು ನಾಳೆ ಊರಿಗೆ ಹೋಗುತ್ತೇನೆ’ ಎಂಬುದಕ್ಕೆ ಜಪಾನಿಯಲ್ಲಿ ‘ವಾತಾಶಿ ವಾ ಆಶಿತಾ ಮಾಚಿ ನಿ ಇಕಿಮಾಸು’ ಎನ್ನುತ್ತಾರೆ. ಪದಗಳ ಸರಣಿ ನಮ್ಮದೇ, ನಮ್ಮ ‘ಗೆ’ ಪ್ರತ್ಯಯದಂತೆ ಅವರ ‘ನಿ’ಯೂ ನಾಮಪದದ ನಂತರ ಬರುತ್ತದೆ, ಕ್ರಿಯಾಪದ ಕೊನೆಗೇ. ‘ಎ’, ‘ದಿ’ಗಳಂಥವು ಅವರಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ. ಜಪಾನಿ ಹುಡುಗ ಇಂಗ್ಲಿಷ್ ವಾಕ್ಯದಲ್ಲಿ ಎಲ್ಲಿ ಎಡವುತ್ತಾನೆ ಎಂಬುದು, ಅದೇ ಜಾಗದಲ್ಲಿ ಎಡವಿ ಎದ್ದ ಕನ್ನಡದ ಶಿಕ್ಷಕಿಗೆ ಲಂಡನ್ನಿನಲ್ಲಿ ಹುಟ್ಟಿದವರಿಗಿಂತ ಬೇಗ ತಿಳಿಯುತ್ತದೆ. ಈ ಅನುಕೂಲ ಕೈಗೆ ಸಿಗಬೇಕಾದರೆ ಅವಳಿಗೆ ಅಷ್ಟಿಷ್ಟಾದರೂ ಜಪಾನಿ ಗೊತ್ತಿರಬೇಕು. ಲೇಖನದ ಸಲಹೆ ಹಾನಿಕರ ಎಂದು ನಾನು ಹೇಳುವುದು ಇದಕ್ಕಾಗಿಯೇ.

ಇಂಗ್ಲಿಷ್ ಬೋಧನೆಗೆ ಕರ್ನಾಟಕದ ನೆಲ ಕೊಟ್ಟ ಕಾಣಿಕೆಯೂ ಇದೆ. ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ 1979ರಿಂದ 1984ರವರೆಗೆ ನಡೆದ ‘ಬೆಂಗಳೂರು ಪ್ರಾಜೆಕ್ಟ್’ ವ್ಯಾಕರಣವನ್ನು ಬಾಯಿಪಾಠ ಮಾಡಿಸುವ ಬದಲು ಸಾಮಾನ್ಯ ಶಾಲೆಗಳ ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಇಟ್ಟು, ಯೋಚಿಸಿ ಬಿಡಿಸುವ ಸಮಸ್ಯೆಗಳನ್ನು ಕೊಟ್ಟಿತು. ಹೊರದೇಶಗಳ ತರಬೇತಿ ಪಠ್ಯಗಳಲ್ಲಿ ಅದು ಇಂದಿಗೂ ಚರ್ಚೆಯಾಗುತ್ತದೆ.

ಆದ್ದರಿಂದ ನನ್ನ ಕೋರಿಕೆ ಎರಡು. ಹೊರದೇಶಕ್ಕೆ ಶಿಕ್ಷಕರನ್ನು ಕಳಿಸುವ ಏಜೆನ್ಸಿಗಳ ಬಗ್ಗೆ ಮುಂದೆ ಬರೆಯುವಾಗ, ಅಲ್ಲಿನ ಭಾಷೆಯನ್ನು ಎಷ್ಟು ಗಂಟೆ ಕಲಿಸುತ್ತೀರಿ ಎಂದು ಅವರನ್ನು ಕೇಳಿ, ಉತ್ತರವನ್ನು ಸಂಬಳದ ವಿವರದ ಪಕ್ಕದಲ್ಲೇ ಪ್ರಕಟಿಸಬೇಕು. 1963ರಿಂದ ಶಿಕ್ಷಕರಿಗೆ ತರಬೇತಿ ನೀಡುತ್ತ ಬಂದಿರುವ ಬೆಂಗಳೂರಿನ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು, ಹೊರದೇಶದಲ್ಲಿ ಕಲಿಸಲು ಹೊರಟವರಿಗಾಗಿ ಜಪಾನಿ, ವಿಯೆಟ್ನಾಮಿ ಭಾಷೆಗಳ ಪ್ರಾಥಮಿಕ ಪಾಠವೂ ಸೇರಿದ ಅಲ್ಪಾವಧಿ ಶಿಬಿರವನ್ನು ಬೇಸಿಗೆ ರಜೆಯಲ್ಲಿ ನಡೆಸುವ ಬಗ್ಗೆ ಪರಿಶೀಲಿಸಬೇಕು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಇಂಗ್ಲಿಷ್ ಶಿಕ್ಷಕಿ, ಧಾರವಾಡ