ತಲೆಯಾಡಿಸಿ ಎದ್ದುಹೋಗುವ ಸದಸ್ಯರ ಬಗ್ಗೆ

ಚಿ. ಸೌ. ಶಾರದೆಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮನೆಯ ಸಮಾಚಾರವೆಲ್ಲ ಅಮ್ಮನಿಂದ ನಿನಗೆ ಮುಟ್ಟಿರುತ್ತದೆ, ಅದನ್ನು ಮತ್ತೆ ಬರೆಯುವುದಿಲ್ಲ. ಆಸ್ಪತ್ರೆಯ ಆಡಳಿತ ಮಂಡಳಿಗೆ ಹೊಸ ಸದಸ್ಯರನ್ನು ಆರಿಸುವ ಬಗ್ಗೆ ನೀನು ಬರೆದ ಪತ್ರದ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ: ‘ಮೂರು ಖಾಲಿ ಸ್ಥಾನಕ್ಕೂ ಬಲ್ಲವರನ್ನೇ ಆರಿಸುತ್ತೇನೆ ಮಾವ, ಆದರೆ ಅವರು ಸಭೆಗೆ ಬಂದು ತಲೆಯಾಡಿಸಿ ಎದ್ದುಹೋದರೆ?’

ನೀನು ಹೆದರಿದ್ದರಲ್ಲಿ ತಪ್ಪಿಲ್ಲ. ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯ ವಿಚಾರಣಾ ವರದಿಯನ್ನು ನೀನೂ ನೋಡಿರುತ್ತೀಯ. ವಿಚಾರಣೆ ನಡೆಸಿದ ವಕೀಲ ರಾಬರ್ಟ್ ಫ್ರಾನ್ಸಿಸ್ 2013ರಲ್ಲಿ ಕೊಟ್ಟದ್ದು, ಶಿಫಾರಸುಗಳೇ 290. ಅಲ್ಲಿ ಮಂಡಳಿ ಇತ್ತು, ಸಭೆಗಳು ನಡೆಯುತ್ತಿದ್ದವು, ನಡಾವಳಿ ಬರೆಯುತ್ತಿದ್ದರು. ಮಂಡಳಿಯ ಕಣ್ಣು ಹಣಕಾಸಿನ ಮೇಲೆ, ಗುರಿಗಳ ಮೇಲೆ, ಸರ್ಕಾರಿ ಆಸ್ಪತ್ರೆಗೆ ಹೆಚ್ಚು ಸ್ವಾತಂತ್ರ್ಯ ಕೊಡುವ ಫೌಂಡೇಶನ್ ಟ್ರಸ್ಟ್ ಎಂಬ ದರ್ಜೆ ಗಳಿಸುವುದರ ಮೇಲೆ ನೆಟ್ಟಿತ್ತು. 2008ರಲ್ಲಿ ಆ ದರ್ಜೆ ಸಿಕ್ಕಿತು ಕೂಡ. ಅದೇ ಕಾಲದಲ್ಲಿ ವಾರ್ಡುಗಳಲ್ಲಿ ರೋಗಿಗಳಿಗೆ ಕುಡಿಯುವ ನೀರು ಕೊಡುವವರೂ ಇರಲಿಲ್ಲವೆಂದು ಮನೆಯವರು ದೂರು ಕೊಡುತ್ತಿದ್ದರು. ಆ ಸದಸ್ಯರೆಲ್ಲ ದಡ್ಡರೆಂದು ನನಗೆ ಅನಿಸುವುದಿಲ್ಲ, ಕೆಟ್ಟವರೆಂದೂ ಅನಿಸುವುದಿಲ್ಲ. ನನ್ನ ನಿದ್ದೆ ಕೆಡಿಸುವುದು ಅದೇ.

ನಾನು ಕೆಲಸದಲ್ಲಿದ್ದ ಕಾಲದಲ್ಲಿ ಸದಸ್ಯರನ್ನು ಹುಡುಕುವುದೆಂದರೆ ದೊಡ್ಡ ಹೆಸರು ಹುಡುಕುವುದು ಎಂದೇ ಆಗಿತ್ತು. ನಿವೃತ್ತ ಅಧಿಕಾರಿ, ಹೆಸರಾಂತ ವೈದ್ಯ, ಒಬ್ಬ ವರ್ತಕ. ಮಂಡಳಿಯಲ್ಲಿ ಯಾವ ತಿಳಿವಳಿಕೆ ಇದೆ, ಯಾವುದಿಲ್ಲ ಎಂದು ಯಾರೂ ಒಂದು ಹಾಳೆಯಲ್ಲಿ ಬರೆದು ನೋಡುತ್ತಿರಲಿಲ್ಲ. ಆ ಹಾಳೆ ಇದ್ದಿದ್ದರೆ ಎಂಬ ಕೊರಗು ಇನ್ನೂ ಹೋಗಿಲ್ಲ. ನೀನಾದರೂ ಜಾಹೀರಾತಿಗೆ ಮೊದಲು ಬರೆದುಕೋ. ಈಗಿನ ಸದಸ್ಯರ ಹೆಸರು ಒಂದರ ಕೆಳಗೊಂದು. ಅಡ್ಡಕ್ಕೆ ಚಿಕಿತ್ಸೆಯ ಗುಣಮಟ್ಟ, ಲೆಕ್ಕ ಮತ್ತು ಆಡಿಟ್, ಕಾನೂನು, ಸಿಬ್ಬಂದಿ ವಿಷಯ, ಮಾಹಿತಿ ತಂತ್ರಜ್ಞಾನ, ರೋಗಿಯಾಗಿ ಸೇವೆ ಪಡೆದ ಅನುಭವ. ಕೊನೆಗೆ ಅವರವರ ಅವಧಿ ಮುಗಿಯುವ ದಿನ. ಹಾಳೆಯಲ್ಲಿ ಖಾಲಿ ಉಳಿದ ಚೌಕಗಳಿಗೆ ಮಾತ್ರ ಜನ ಹುಡುಕು. ಗುಣಮಟ್ಟ ಬಲ್ಲವರು ಒಬ್ಬರೇ ಆಗದಿರಲಿ, ಇಬ್ಬರಿರಲಿ. ಒಂಟಿಯಾಗಿ ಪ್ರಶ್ನೆ ಕೇಳುವವರು ಮೂರನೇ ಸಭೆಗೆ ‘ಇವರದ್ದು ಯಾವಾಗಲೂ ಇದೇ’ ಅನ್ನಿಸಿಕೊಂಡು ತೆಪ್ಪಗಾಗುತ್ತಾರೆ.

ಮತ್ತೆ ನಿನ್ನ ಸಾಲಿಗೇ ಬಂದೆ. ಯಾರು ಸುಮ್ಮನಿರುತ್ತಾರೆಂದು ಸಂದರ್ಶನದಲ್ಲಿ ಪೂರ್ತಿ ಗೊತ್ತಾಗುವುದಿಲ್ಲ, ಸ್ವಲ್ಪ ಗೊತ್ತಾಗುತ್ತದೆ. ಒಂದು ಪುಟ ಕೊಡು: ಐದು ವಾರ್ಡುಗಳ ಹನ್ನೆರಡು ತಿಂಗಳ ಸೋಂಕಿನ ಸಂಖ್ಯೆ. ಒಟ್ಟು ಮೊತ್ತ ಇಳಿಯುತ್ತಿರಲಿ, ಒಂದು ವಾರ್ಡಿನಲ್ಲಿ ಮಾತ್ರ ಏರುತ್ತಿರಲಿ. ಹತ್ತು ನಿಮಿಷ ಬಿಟ್ಟು, ‘ಸಭೆಯಲ್ಲಿ ಇದು ಬಂದರೆ ಏನು ಕೇಳುತ್ತೀರಿ?’ ಎನ್ನು. ಇಳಿದಿದೆ, ಸಂತೋಷ ಎನ್ನುವವರು ಬರುತ್ತಾರೆ. ಆ ವಾರ್ಡಿನಲ್ಲಿ ಯಾವಾಗಿನಿಂದ, ದಾದಿಯರ ಸಂಖ್ಯೆ ಎಷ್ಟಿತ್ತು, ಯಾರಿಗೆ ತಿಳಿಸಿದ್ದರು ಎಂದು ಕೇಳುವವರೂ ಬರುತ್ತಾರೆ. ಸಂದರ್ಶಕರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವ ಮೊದಲೇ ಅಂಕ ಬರೆದಿಡಲಿ, ಇಲ್ಲದಿದ್ದರೆ ಹಿರಿಯರು ಹಾಕಿದ್ದೇ ಎಲ್ಲರ ಅಂಕ. ಸಂಸ್ಥೆಗೆ ಸಂಬಂಧಪಡದ ಒಬ್ಬರು ಜೊತೆಗಿರಲಿ.

ರೆಫರೆನ್ಸ್ ಪತ್ರಗಳನ್ನು ನಂಬಬೇಡ, ಅವುಗಳಲ್ಲಿ ಎಲ್ಲರೂ ದೇವರಂಥವರೇ. ಬರೆದವರಿಗೇ ಫೋನು ಮಾಡಿ ಎರಡೇ ಕೇಳು: ಕಾಗದಪತ್ರ ಓದಿಕೊಂಡು ಬರುತ್ತಿದ್ದರೇ? ಇನ್ನೊಂದು ಅವಧಿಗೆ ನೀವೇ ಕರೆಯುತ್ತೀರಾ? ಉತ್ತರಕ್ಕೆ ಮುಂಚಿನ ತಡವರಿಕೆಯನ್ನೂ ಕೇಳಿಸಿಕೋ. ಗುರುತು, ಪದವಿ, ದಿವಾಳಿತನ, ನಿರ್ದೇಶಕ ಸ್ಥಾನಕ್ಕೆ ಅನರ್ಹತೆ, ಅಪರಾಧ ದಾಖಲೆ ಇವೆಲ್ಲ ನಿಮ್ಮ ಕಚೇರಿ ನೋಡಿಕೊಳ್ಳುತ್ತದೆ. ಔಷಧ ಅಥವಾ ಉಪಕರಣ ಪೂರೈಸುವವರೊಂದಿಗಿನ ನಂಟನ್ನು ಮಾತ್ರ ನೀನೇ ಬಾಯಿಬಿಟ್ಟು ಕೇಳು, ಪ್ರತಿವರ್ಷ ಮತ್ತೆ ಬರೆಸಿಕೋ.

ಇಷ್ಟೆಲ್ಲ ಹೇಳಿದೆ, ಆದರೂ ನಿನ್ನ ಭಯಕ್ಕೆ ಇದು ಅರ್ಧ ಮದ್ದು. ಆರಿಸುವಾಗ ಚುರುಕಾಗಿದ್ದವರು ಆರು ತಿಂಗಳಲ್ಲಿ ಮೌನಿಗಳಾದರೆ ಮೊದಲು ನಿನ್ನ ಸಭೆಯನ್ನೇ ನೋಡು. ಮುನ್ನೂರು ಪುಟದ ಕಡತ ಹಿಂದಿನ ರಾತ್ರಿ ಬಂದರೆ ಯಾರು ಓದುತ್ತಾರೆ? ಏಳು ದಿನ ಮೊದಲು ತಲುಪಬೇಕು. ಹಸಿರು, ಹಳದಿ, ಕೆಂಪು ಚುಕ್ಕೆಗಳ ಪಟ್ಟಿಯಲ್ಲಿ ಎಲ್ಲ ಹಸಿರಾಗಿ ಕಂಡರೆ ಕೇಳುವುದಕ್ಕೇನೂ ಉಳಿಯುವುದಿಲ್ಲ. ಅದರ ಬದಲು ಎರಡು ವರ್ಷದ ಏರಿಳಿತದ ರೇಖೆ ಕೇಳು. ವೈದ್ಯರಲ್ಲದ ಸದಸ್ಯರು ತಮ್ಮ ಪ್ರಶ್ನೆ ಪೆದ್ದಾಗಿ ಕೇಳಿಸೀತೆಂದು ನುಂಗಿಕೊಳ್ಳುತ್ತಾರೆ, ಅವರ ಸರದಿ ಮೊದಲು ಬರಲಿ. ಅಜೆಂಡಾದಲ್ಲಿ ಗುಣಮಟ್ಟ ಹಣಕಾಸಿಗಿಂತ ಮುಂಚೆ ಇರಲಿ. ಕೊನೆಗಿಟ್ಟರೆ ಊಟದ ಹೊತ್ತಿಗೆ ಬರುತ್ತದೆ, ಯಾರಿಗೂ ತಾಳ್ಮೆ ಇರುವುದಿಲ್ಲ. ತಿಂಗಳಿಗೊಂದು ದೂರಿನ ಪತ್ರವನ್ನು ಸಾರಾಂಶ ಮಾಡದೆ ಪೂರ್ತಿ ಓದಿಸು. ಆಡಿಟರ್ ಜೊತೆ ಸದಸ್ಯರು ಮಾತ್ರ, ಅಧಿಕಾರಿಗಳಿಲ್ಲದೆ, ವರ್ಷಕ್ಕೊಮ್ಮೆಯಾದರೂ ಕೂರಲಿ.

ಹೊಸಬರನ್ನು ಮೊದಲ ಮೂರು ತಿಂಗಳೊಳಗೆ ಒಂದು ರಾತ್ರಿ ಪಾಳಿಗೆ ಕರೆದುಕೊಂಡು ಹೋಗುವ ಏರ್ಪಾಡಾದರೆ ಒಳ್ಳೆಯದು. ಸಾಧ್ಯವಾಗದಿದ್ದರೆ ಬೇಸರಪಡಬೇಡ, ಎಲ್ಲ ಕಡೆ ಒಪ್ಪುವುದಿಲ್ಲ.

ಇನ್ನೊಂದು ಬಗೆಯವರಿದ್ದಾರೆ, ತಲೆಯಾಡಿಸುವವರಿಗೆ ತದ್ವಿರುದ್ಧ. ದಾದಿಯ ವರ್ಗಾವಣೆಗೆ, ಖರೀದಿಗೆ ನೇರ ಫೋನು ಮಾಡುವವರು. ಅವರನ್ನು ಜಾಗೃತ ಸದಸ್ಯರೆಂದು ತಿಳಿಯಬೇಡ. ಪ್ರಶ್ನೆಯನ್ನು ಸದಸ್ಯರು ಸಭೆಯಲ್ಲಿ ಕೇಳಬೇಕು, ಆಡಳಿತವನ್ನು ಮುಖ್ಯಾಧಿಕಾರಿ ನಡೆಸಬೇಕು. ಈ ಗೆರೆ ನೇಮಕ ಪತ್ರದಲ್ಲೇ ಇರಲಿ. ತೆಗೆದುಹಾಕುವ ಕ್ರಮವೂ ಅಲ್ಲೇ ಇರಲಿ, ಜಗಳ ಹುಟ್ಟಿದ ಮೇಲೆ ಅದನ್ನು ಬರೆಯಲು ಆಗುವುದಿಲ್ಲ.

ವರ್ಷಕ್ಕೊಮ್ಮೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡು. ಹಾಜರಾತಿ ಎಣಿಸಿ ಬಿಡಬೇಡ, ನಡಾವಳಿ ತೆರೆದು ನೋಡು: ಇವರು ಕೇಳಿದ್ದು ಯಾವುದು, ಅದಕ್ಕೆ ಉತ್ತರ ಬಂತೇ, ಬರದಿದ್ದರೆ ಮುಂದಿನ ಸಭೆಯಲ್ಲಿ ಮತ್ತೆ ಕೇಳಿದರೇ? (‘ಚರ್ಚಿಸಿ ಒಪ್ಪಲಾಯಿತು’ ಎಂದಷ್ಟೇ ಬರೆಯುವ ಕಾರ್ಯದರ್ಶಿಯಿದ್ದರೆ ಮೊದಲು ಅವರ ಅಭ್ಯಾಸ ಬದಲಿಸಬೇಕಾಗುತ್ತದೆ.) ಏನೂ ಇಲ್ಲದಿದ್ದರೆ ಖಾಸಗಿಯಾಗಿ ಹೇಳು, ಬರೆದುಕೊಡು, ಆರು ತಿಂಗಳು ಕೊಡು. ಎರಡನೇ ಅವಧಿ ತಾನಾಗಿ ಸಿಗುವುದಿಲ್ಲವೆಂದು ಮೊದಲ ದಿನವೇ ತಿಳಿಸಿದ್ದರೆ ಆಮೇಲೆ ಮುಜುಗರ ಕಡಿಮೆ. ಮೂವರ ಅವಧಿಯೂ ಒಂದೇ ವರ್ಷ ಮುಗಿಯದಂತೆ ಒಬ್ಬರಿಗೆ ಎರಡು, ಇನ್ನಿಬ್ಬರಿಗೆ ಮೂರು ಮತ್ತು ನಾಲ್ಕು ವರ್ಷ ಕೊಡಲು ನಿಮ್ಮ ನಿಯಮ ಬಿಡುತ್ತದೆಯೇ ನೋಡು.

ಕೇಳದಿದ್ದರೂ ಇಷ್ಟು ಬರೆದೆ, ಮುದುಕನ ಚಪಲ. ಸಂದರ್ಶನಕ್ಕೆ ಕೊಡುವ ಆ ಒಂದು ಪುಟ ಸಿದ್ಧವಾದರೆ ಕಳಿಸು. ಏರುತ್ತಿರುವ ವಾರ್ಡು ತೀರಾ ಎದ್ದು ಕಾಣುತ್ತಿದೆಯೇ, ತೀರಾ ಅಡಗಿದೆಯೇ ಎಂದು ನೋಡಿ ಹೇಳುತ್ತೇನೆ.

ಇಂತಿ,
ನಿನ್ನ ಸೋದರಮಾವ